ಲೈಬ್ರರಿ ಪುಸ್ತಕದ 38 ಪುಟ ಕ್ಲಾಸಿನ ಗ್ರೂಪಿಗೆ ಹಾಕಿದೆ, ಈಗ ಪ್ರಕಾಶಕರ ಫೋನ್ ಬಂದಿದೆ

ಅತಿಥಿ ಮೇಡಂ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಅತಿಥಿ ಉಪನ್ಯಾಸಕಿ, ಇದು ಆರನೇ ವರ್ಷ. ಐದನೇ ಸೆಮಿಸ್ಟರಿನವರಿಗೆ ವಿಮರ್ಶೆಯ ಪೇಪರ್ ಇದೆ. ಅದಕ್ಕೆ ಓದಲೇಬೇಕಾದ ಮೂರು ಲೇಖನ ಒಂದೇ ಪುಸ್ತಕದಲ್ಲಿವೆ. 1989ರ ಪುಸ್ತಕ. ಬೆಲೆ 45 ರೂಪಾಯಿ ಅಂತ ಹಿಂದಿನ ರಟ್ಟಿನ ಮೇಲಿದೆ. ಬರೆದವರು ತೀರಿಕೊಂಡು ಹನ್ನೆರಡು ವರ್ಷ ಆಯಿತು. ನಮ್ಮ ಲೈಬ್ರರಿಯಲ್ಲಿರುವುದು ಎರಡೇ ಪ್ರತಿ. ಒಂದರ ಬೈಂಡು ಕಿತ್ತುಹೋಗಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಾರೆ. ಕ್ಲಾಸಿನಲ್ಲಿ 64 ಮಕ್ಕಳು. ಆನ್‌ಲೈನಿನಲ್ಲಿ ಹುಡುಕಿದೆ, ಎಲ್ಲ ಕಡೆ 'ಸ್ಟಾಕ್ ಇಲ್ಲ'.

ಒಂದು ಶನಿವಾರ ಮಧ್ಯಾಹ್ನ ಸ್ಟಾಫ್ ರೂಮಿನ ಕಿಟಕಿ ಪಕ್ಕ ಕೂತು ಆ ಮೂರು ಲೇಖನ ಫೋನಿನಲ್ಲಿ ಸ್ಕ್ಯಾನ್ ಮಾಡಿದೆ. 15ನೇ ಪುಟದಿಂದ 52ರ ತನಕ, 38 ಪುಟ. ಒಂದು ಕೈಯಲ್ಲಿ ಪುಸ್ತಕ ಅದುಮಿ ಹಿಡಿದಿದ್ದರಿಂದ ಮೂರ್ನಾಲ್ಕು ಪುಟದಲ್ಲಿ ನನ್ನ ಹೆಬ್ಬೆರಳೂ ಬಂದಿದೆ. ಪಿಡಿಎಫ್ ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮಕ್ಕಳು ಓದಿದರು. ನಿಜವಾಗಿಯೂ ಓದಿದರು, ಅದೇ ನನಗೆ ಖುಷಿ ಆಗಿತ್ತು.

ಎರಡು ವಾರ ಬಿಟ್ಟು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋದರೆ ಕೌಂಟರಿನ ಮೇಲೆ ನೀಲಿ ರಟ್ಟಿನ ಸ್ಪೈರಲ್ ಬೈಂಡಿಂಗ್ ಸಾಲಾಗಿ ಇಟ್ಟಿದ್ದಾರೆ. ತೆಗೆದು ನೋಡಿದೆ. ನನ್ನದೇ ಹೆಬ್ಬೆರಳು! ಮುಂದೆ ನನ್ನ 38 ಪುಟ. ಯಾರೋ ಹುಡುಗ ಲೈಬ್ರರಿ ಪುಸ್ತಕವನ್ನೇ ತಂದುಕೊಟ್ಟಿದ್ದಾನೆ, ಉಳಿದದ್ದೂ ಸೇರಿ ಇಡೀ 184 ಪುಟ ಅಲ್ಲಿದೆ. "150 ಮೇಡಂ, ನಿಮಗಾದ್ರೆ 130" ಅಂದರು.

ಪಿಡಿಎಫ್ ಅಲ್ಲಿಗೇ ನಿಂತಿಲ್ಲ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ-ಸೆಟ್ ತಯಾರಿಯ ಯಾವುದೋ ಟೆಲಿಗ್ರಾಂ ಚಾನೆಲ್ಲಿಗೂ ಹೋಗಿದೆ. ಪ್ರಕಾಶಕರು ಅಲ್ಲಿ ನೋಡಿ ನಮ್ಮ ಪ್ರಿನ್ಸಿಪಾಲರಿಗೆ ಫೋನ್ ಮಾಡಿದ್ದಾರೆ. ನಮ್ಮ ಕಾಲೇಜೇ ಅಂತ ಹೇಗೆ ಗೊತ್ತಾಯಿತು ಅಂದುಕೊಂಡಿರಿ? 27ನೇ ಪುಟದ ಅಡಿಯಲ್ಲಿ ಲೈಬ್ರರಿ ಸೀಲು, ಅಕ್ಸೆಷನ್ ನಂಬರ್ ಸಮೇತ.

ಪ್ರಿನ್ಸಿಪಾಲರು ವಿವರಣೆ ಬರೆದುಕೊಡಿ ಅಂದಿದ್ದಾರೆ. ನಮ್ಮ ಎಚ್‌ಓಡಿ ಹೇಳುವುದು, ಹತ್ತು ಪರ್ಸೆಂಟ್ ತನಕ ತೊಂದರೆ ಇಲ್ಲ ಅಂತ. ಲೆಕ್ಕ ಹಾಕಿದೆ, ನನ್ನದು ಇಪ್ಪತ್ತು ದಾಟುತ್ತದೆ. ಇನ್ನೊಬ್ಬರು, "ಪಾಠಕ್ಕೆ ಅಂದ್ರೆ ಏನು ಬೇಕಾದ್ರೂ ಮಾಡಬಹುದು ಬಿಡಿ" ಅನ್ನುತ್ತಾರೆ. ಮುಂದಿನ ವರ್ಷ ನನ್ನನ್ನು ತೆಗೆದುಕೊಳ್ಳುವುದು ಬಿಡುವುದು ಇವರ ಕೈಯಲ್ಲಿದೆ. ಅದಕ್ಕೇ ಕೇಳುತ್ತಿದ್ದೇನೆ. ನಾನು ಮಾಡಿದ್ದು ತಪ್ಪಾ?

ಕ್ಯಾಟಲಾಗ್ ಕಾರ್ಡ್

ಮೇಡಂ, ಮೊದಲು ಆ 27ನೇ ಪುಟದ ವಿಷಯ ಹೇಳಿಬಿಡುತ್ತೇನೆ, ಓದಿ ನಗು ತಡೆಯಲು ಆಗಲಿಲ್ಲ. ಅದಕ್ಕೆ ನಾವು ಗುಪ್ತ ಪುಟ ಅನ್ನುತ್ತೇವೆ. ಸಾಮಾನ್ಯವಾಗಿ ಲೈಬ್ರರಿ ಒಂದು ಪುಟದ ಸಂಖ್ಯೆ ಇಟ್ಟುಕೊಂಡು ಎಲ್ಲ ಪುಸ್ತಕದಲ್ಲೂ ಅದೇ ಪುಟಕ್ಕೆ ಸೀಲು ಒತ್ತುತ್ತದೆ. ಮೊದಲ ಪುಟ ಹರಿದು ಕದ್ದರೂ ಪುಸ್ತಕ ಯಾರದ್ದು ಅಂತ ಗೊತ್ತಾಗಲಿ ಅಂತ. ನಾನು 31 ವರ್ಷ ಕಾಲೇಜು ಲೈಬ್ರರಿಯಲ್ಲಿದ್ದೆ. ಸಾವಿರಗಟ್ಟಲೆ ಸೀಲು ಒತ್ತಿದ್ದೇನೆ. ಅದರಿಂದ ಕಳ್ಳ ಸಿಕ್ಕಿದ್ದನ್ನು ಒಮ್ಮೆಯೂ ನೋಡಲಿಲ್ಲ. ಈಗ ಮೇಷ್ಟ್ರು ಸಿಕ್ಕಿದ್ದಾರೆ!

ಇನ್ನು ಕಾನೂನು. ನಾನು ವಕೀಲ ಅಲ್ಲ. ಆದರೆ ಈ ವಿಷಯ ನಮ್ಮ ಕೌಂಟರಿಗೆ ದಿನಾ ಬರುತ್ತಿದ್ದರಿಂದ ಓದಿಕೊಂಡಿದ್ದೇನೆ.

ಹತ್ತು ಪರ್ಸೆಂಟ್ ಅನ್ನುವುದು ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. ಅದು ಹೊರದೇಶದ ಕಾಲೇಜುಗಳ ವೆಬ್‌ಸೈಟಿನಿಂದ ಬಂದ ಲೆಕ್ಕ. ಒಪ್ಪಿಗೆ ಕೇಳದೆ ನ್ಯಾಯವಾಗಿ ಬಳಸಬಹುದಾದದ್ದಕ್ಕೆ ಅಮೆರಿಕದಲ್ಲಿ 'ಫೇರ್ ಯೂಸ್' ಅನ್ನುತ್ತಾರೆ, ನಮ್ಮಲ್ಲಿ 'ಫೇರ್ ಡೀಲಿಂಗ್'. ಹೆಸರು ಒಂದೇ ಥರ ಕೇಳಿಸಿದರೂ ಅಲ್ಲಿಯದನ್ನು ತಂದು ಇಲ್ಲಿ ಹಚ್ಚಲು ಬರುವುದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಯಾವ್ಯಾವುದು ಉಲ್ಲಂಘನೆ ಅಲ್ಲ ಅಂತ ಒಂದು ದೊಡ್ಡ ಪಟ್ಟಿಯೇ ಇದೆ. ನಿಮಗೆ ಬೇಕಾದದ್ದು 52(1)(ಐ). ಪಾಠ ಹೇಳುವ ಸಂದರ್ಭದಲ್ಲಿ ಗುರುವಾಗಲಿ ಶಿಷ್ಯನಾಗಲಿ ಒಂದು ಕೃತಿಯ ನಕಲು ಮಾಡಿಕೊಂಡರೆ ಅದು ಕಾಪಿರೈಟಿನ ಉಲ್ಲಂಘನೆ ಅಲ್ಲ. ಎಷ್ಟು ಪುಟ ಅಂತ ಅಲ್ಲಿ ಹೇಳಿಲ್ಲ.

ಇದೇ ಸಾಲಿನ ಮೇಲೆ ದೊಡ್ಡ ಕೇಸು ನಡೆದಿದೆ. ದೆಹಲಿ ವಿಶ್ವವಿದ್ಯಾಲಯದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಒಳಗೆ ರಾಮೇಶ್ವರಿ ಫೋಟೋಕಾಪಿ ಸರ್ವಿಸ್ ಅಂತ ಒಂದು ಸಣ್ಣ ಅಂಗಡಿ. ಸಿಲೆಬಸ್ಸಿನಲ್ಲಿದ್ದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕದಿಂದ ಜೆರಾಕ್ಸ್ ಮಾಡಿ ಒಟ್ಟಿಗೆ ಬೈಂಡ್ ಹಾಕಿ ಕೊಡುತ್ತಿದ್ದರು, 'ಕೋರ್ಸ್ ಪ್ಯಾಕ್' ಅಂತ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೂವರೂ ಪ್ರಕಾಶಕರು ಸೇರಿ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ಕೇಸು ಹಾಕಿದರು. ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು ತಾವೂ ಕೋರ್ಟಿಗೆ ಹೋದರು. ಯಾರ ಪುಸ್ತಕಕ್ಕಾಗಿ ಕೇಸೋ ಅಂಥ ಲೇಖಕರಲ್ಲೇ ಎಷ್ಟೋ ಜನ ಪ್ರಕಾಶಕರಿಗೆ ಪತ್ರ ಬರೆದು, ಕೇಸು ವಾಪಸ್ ತೆಗೆದುಕೊಳ್ಳಿ ಅಂದರು. ಅಮರ್ತ್ಯ ಸೇನ್ ಕೂಡ ಬರೆದರು.

2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಕೇಸನ್ನೇ ತಳ್ಳಿಹಾಕಿತು. ಹಿಂದೆ ಮಕ್ಕಳು ಲೈಬ್ರರಿಯಲ್ಲಿ ಕೂತು ಕೈಯಲ್ಲಿ ಬರೆದುಕೊಳ್ಳುತ್ತಿದ್ದರು, ಅದು ತಪ್ಪಲ್ಲ ಅಂದಮೇಲೆ ಮಷಿನ್ ಬಂದ ತಕ್ಷಣ ತಪ್ಪು ಹೇಗಾಗುತ್ತದೆ ಅನ್ನುವುದು ಅದರ ಹುರುಳು. ಡಿಸೆಂಬರಿನಲ್ಲಿ ದ್ವಿಸದಸ್ಯ ಪೀಠ ಸ್ವಲ್ಪ ಬಿಗಿ ಮಾಡಿತು. ಪುಟದ ಲೆಕ್ಕ ಇಲ್ಲ ನಿಜ, ಆದರೆ ಪಾಠದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಇರಬೇಕು ಎಂದಿತು. ಪಾಠ ಅಂದರೆ ಬರೀ ಕ್ಲಾಸಿನ ಒಂದು ಗಂಟೆ ಅಲ್ಲ ಎಂದೂ ಹೇಳಿತು. ಪ್ಯಾಕಿಗೆ ಸೇರಿಸಿದ್ದು ಪಾಠದ ಉದ್ದೇಶಕ್ಕೆ ಬೇಕಾದದ್ದೇನಾ ಅನ್ನುವುದರ ಬಗ್ಗೆಯೂ, ಇಡೀ ಪುಸ್ತಕ ಜೆರಾಕ್ಸ್ ಮಾಡಿದ್ದರ ಬಗ್ಗೆಯೂ ವಿಚಾರಣೆ ನಡೆಯಲಿ ಅಂತ ಕೇಸನ್ನು ಮತ್ತೆ ಕೆಳಗೆ ಕಳಿಸಿತು. 2017ರ ಮಾರ್ಚಿನಲ್ಲಿ ಪ್ರಕಾಶಕರೇ ಕೇಸು ಕೈಬಿಟ್ಟರು. ಹಾಗಾಗಿ ಆ ಪ್ರಶ್ನೆಗಳು ಹಾಗೇ ನೇತಾಡುತ್ತಿವೆ. ಇನ್ನೊಂದು ತಮಾಷೆ ಗೊತ್ತಾ, ಆ ಕೋರ್ಸ್ ಪ್ಯಾಕುಗಳಲ್ಲಿ ಒಂದೊಂದು ಪುಸ್ತಕದಿಂದ ತೆಗೆದದ್ದು ಸರಾಸರಿ 8.81 ಪರ್ಸೆಂಟ್ ಅಂತ ಲೆಕ್ಕ ಬಂದಿತ್ತು. ನಿಮ್ಮ ಎಚ್‌ಓಡಿ ಥರದವರು ಅದನ್ನೇ ಗೆರೆ ಅಂದುಕೊಂಡಿದ್ದಾರೆ. ಅದು ಗೆರೆ ಅಲ್ಲ.

ಈಗ ನಿಮ್ಮ ವಿಷಯ. ಸಿಲೆಬಸ್ಸಿಗೆ ಬೇಕಾದ ಮೂರು ಲೇಖನ, ನಿಮ್ಮದೇ ಕ್ಲಾಸಿನ 64 ಮಕ್ಕಳಿಗೆ, ಮುಚ್ಚಿದ ಗ್ರೂಪಿನಲ್ಲಿ. ನನ್ನ ಪ್ರಕಾರ ಇದು 52(1)(ಐ) ಒಳಗೇ ಇದೆ. ಅದನ್ನೇ ವಿವರಣೆಯಲ್ಲಿ ಬರೆಯಿರಿ, ಕ್ಷಮಾಪಣೆ ಪತ್ರ ಬರೆಯಬೇಡಿ. ಒಂದು ಎಚ್ಚರಿಕೆ ಮಾತ್ರ ಇರಲಿ: ಆ ಸಾಲು ಹೇಳುವುದು ನಕಲು ಮಾಡುವುದರ ಬಗ್ಗೆ. ಸಾರ್ವಜನಿಕರಿಗೆ ಹಂಚುವುದು ಬೇರೆಯೇ ಹಕ್ಕು. ಟೆಲಿಗ್ರಾಂ ಚಾನೆಲ್ಲು ನಿಮ್ಮ ಕ್ಲಾಸಲ್ಲ. ಮಾರಾಟಕ್ಕೆ ಇಟ್ಟ 184 ಪುಟದ ಸ್ಪೈರಲ್ಲಂತೂ ಅಲ್ಲವೇ ಅಲ್ಲ. ಅದು ಬಿದ್ದರೆ 63ನೇ ಸೆಕ್ಷನ್ನಿಗೆ ಬೀಳುತ್ತದೆ, ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು ಅಂತ ಬರೆದಿದೆ.

ಈ ಒಳಗೆ–ಹೊರಗೆ ಅನ್ನುವುದಕ್ಕೆ ನಮ್ಮ ಕಡೆಯದೇ ಒಂದು ಕೇಸಿದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಕೊಟ್ಟ ಹೊಸ ರೂಪದ ಹಕ್ಕು ಯಾರದ್ದು ಅಂತ ಉಡುಪಿಯ ಕೋರ್ಟಿನಿಂದ ಸುಪ್ರೀಂ ಕೋರ್ಟಿನ ತನಕ ಹೋಯಿತು. 2009ರಲ್ಲಿ ತೀರ್ಪು ಬಂತು. ಒಪ್ಪಿಗೆ ಇಲ್ಲದೆ ಅದನ್ನು ಆಡಬಾರದು ಅಂತ ಉಯಿಲಿನಲ್ಲಿ ಹಕ್ಕು ಪಡೆದವರ ಪರವಾಗಿದ್ದ ತಡೆ ಉಳಿಯಿತು. ಆದರೆ ಶಿಕ್ಷಣ ಸಂಸ್ಥೆಯ ಮೇಷ್ಟ್ರು ಮಕ್ಕಳು ಸೇರಿ ತಮ್ಮವರ ಮುಂದೆ, ತಂದೆ ತಾಯಿಯರ ಮುಂದೆ ಆಡಿದರೆ ಅದಕ್ಕೆ ಆ ತಡೆ ಹತ್ತುವುದಿಲ್ಲ ಎಂದರು. ಟಿಕೆಟ್ ಇಟ್ಟು ಊರಿಗೆಲ್ಲ ತೋರಿಸಿದರೆ ಮಾತು ಬೇರೆ.

ಟೋನರ್ ಕಪ್ಪು

ಜೆರಾಕ್ಸ್ ಅಂಗಡಿಯವನು ನಾನೂ. ಆ ಅಂಗಡಿ ಅಲ್ಲ, ಬೇರೆ ಊರು. ಬೈಯುವ ಮೊದಲು ಒಂದು ಮಾತು. ಪೆನ್‌ಡ್ರೈವ್ ತಂದು "ಅಣ್ಣಾ, 60 ಸೆಟ್" ಅಂತಾರೆ. ಅದು ಯಾರ ಪುಸ್ತಕ, ಎಷ್ಟು ಪುಟ, ಕಾಪಿರೈಟ್ ಇದೆಯಾ ಅಂತ ಕೇಳುತ್ತಾ ಕೂತರೆ ಹಿಂದೆ ಆಧಾರ್ ಕಾರ್ಡಿನವರು, ಹಾಲ್ ಟಿಕೆಟ್ಟಿನವರು ಸಾಲು ನಿಂತಿರುತ್ತಾರೆ. ಹಾಗಂತ ಇಡೀ ಪುಸ್ತಕ ಮೊದಲೇ ಮಾಡಿ ಕೌಂಟರಿನ ಮೇಲೆ ಇಡುವುದು ತಪ್ಪೇ. ನಾನೂ ಒಂದು ಕಾಲದಲ್ಲಿ ಮಾಡಿದ್ದೇನೆ. ಈಗ ಕೇಳಿದವರಿಗೆ ಕೇಳಿದಷ್ಟು ಮಾತ್ರ.

ಐದುನೂರು ಪ್ರತಿ

ಕ್ಯಾಟಲಾಗ್ ಕಾರ್ಡ್ ಸರ್ ಹೇಳಿದ್ದು ಸರಿ. ಆದರೆ ದೆಹಲಿ ಕೇಸು ಕೇಳಿದಾಗಲೆಲ್ಲ ನನಗೆ ಒಂಥರಾ ಆಗುತ್ತದೆ. ಅಲ್ಲಿ ಆ ಕಡೆ ನಿಂತಿದ್ದು ಜಗತ್ತಿಗೆಲ್ಲ ಪುಸ್ತಕ ಮಾರುವ ಕಂಪನಿಗಳು. ಕನ್ನಡದಲ್ಲಿ ವಿಮರ್ಶೆ ಪುಸ್ತಕ ಹಾಕುವವನು ನನ್ನಂಥವನು. ಮನೆಯ ಮುಂದಿನ ರೂಮೇ ಆಫೀಸು, ಮಂಚದ ಕೆಳಗೇ ಗೋಡೌನು. ಐದುನೂರು ಪ್ರತಿ ಅಚ್ಚು ಹಾಕಿಸಿದರೆ ಕೊನೆಯ ನೂರು ಖಾಲಿ ಆಗಲು ಹತ್ತು ವರ್ಷ ಬೇಕು. ಸಿಲೆಬಸ್ಸಿಗೆ ಒಂದು ಲೇಖನ ಸೇರಿತು ಅಂದರೆ ಆ ವರ್ಷ ಹಬ್ಬ. ಆ ಹಬ್ಬದ ದಿನವೇ ಪಿಡಿಎಫ್ ಬಂದರೆ ಹೇಗೆ ಹೇಳಿ?

ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ಒಂದು ಪ್ರಶ್ನೆ. ಆನ್‌ಲೈನಿನಲ್ಲಿ ಸ್ಟಾಕ್ ಇಲ್ಲ ಅಂತ ಬಂತು ಅಂದಿರಿ. ಪುಸ್ತಕದ ಎರಡನೇ ಪುಟದಲ್ಲಿ ಪ್ರಕಾಶಕರ ವಿಳಾಸ ಇರುತ್ತದಲ್ಲ, ಅಲ್ಲಿ ಕೇಳಿದಿರಾ? ನಮ್ಮಲ್ಲಿ ಎಷ್ಟೋ ಜನ ಆನ್‌ಲೈನಿನಲ್ಲಿ ಇಲ್ಲವೇ ಇಲ್ಲ.

ಕಿವಿಯಲ್ಲಿ ಓದುವವ

ಬೇರೆ ಕಡೆಯಿಂದ ಒಂದು ಮಾತು. ನನಗೆ ಕಣ್ಣು ಕಾಣುವುದಿಲ್ಲ. ಎಂಎ ಮೊದಲ ವರ್ಷ. ಫೋನಿನಲ್ಲಿ ಹೊಡೆದ ಪಿಡಿಎಫ್ ನನ್ನ ಗ್ರೂಪಿಗೂ ಬರುತ್ತದೆ. ಪರದೆಯ ಮೇಲಿನ ಅಕ್ಷರ ಓದಿ ಹೇಳುವ ನನ್ನ ಸ್ಕ್ರೀನ್ ರೀಡರಿಗೆ ಅದು ಖಾಲಿ ಹಾಳೆ. ಅದರಲ್ಲಿರುವುದು ಅಕ್ಷರ ಅಲ್ಲ, ಫೋಟೋ. "ಪುಟ 1, ಪುಟ 2" ಅಂತ ಓದಿ ಸುಮ್ಮನಾಗುತ್ತದೆ. ಮೇಡಂ, ನಿಮ್ಮ ಹೆಬ್ಬೆರಳು ನನಗೆ ಅಡ್ಡ ಬಂದಿಲ್ಲ, ಯಾಕಂದ್ರೆ ಲೇಖನವೂ ಕಂಡಿಲ್ಲ!

ನಮಗೆ ಕಾನೂನಿನಲ್ಲಿ ಬೇರೆ ಸಾಲೇ ಇದೆ, 52(1)(ಜಡ್‌ಬಿ). 2012ರ ತಿದ್ದುಪಡಿಯಲ್ಲಿ ಬಂತು. ಅಂಗವಿಕಲರು ಓದಲು ಆಗುವ ರೂಪಕ್ಕೆ ಕೃತಿಯನ್ನು ಬದಲಿಸಿ ಕೊಡಬಹುದು, ಆದರೆ ಲಾಭಕ್ಕೆ ಮಾಡುವ ಹಾಗಿಲ್ಲ. ಇದೇ ವಿಷಯದ ಮರ್ರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿಗೆ ಕೊಟ್ಟ ದೇಶ ಭಾರತ. ಹಾಗಾಗಿ ಕ್ಲಾಸಿನಲ್ಲಿ ನನ್ನಂಥವರು ಒಬ್ಬರಿದ್ದರೂ ಓಸಿಆರ್ ಮಾಡಿ, ಅಂದರೆ ಫೋಟೋದಲ್ಲಿರುವುದನ್ನು ಸಾಫ್ಟ್‌ವೇರಿನಲ್ಲಿ ಗುರುತಿಸಿ ಯುನಿಕೋಡ್ ಅಕ್ಷರ ಮಾಡಿಕೊಡಿ. ಒತ್ತಕ್ಷರ ಅಲ್ಲಲ್ಲಿ ತಪ್ಪಾದರೂ ಪರವಾಗಿಲ್ಲ, ಊಹೆ ಮಾಡಿಕೊಳ್ಳುತ್ತೇವೆ. ಖಾಲಿ ಹಾಳೆಯನ್ನು ಊಹೆ ಮಾಡಲು ಆಗಲ್ಲ.

ಅತಿಥಿ ಮೇಡಂ

ಎಲ್ಲರಿಗೂ ಥ್ಯಾಂಕ್ಸ್. ಕಿವಿಯಲ್ಲಿ ಓದುವವರೇ, ಇದು ನನ್ನ ತಲೆಗೇ ಹೋಗಿರಲಿಲ್ಲ. ಐದುನೂರು ಪ್ರತಿ ಸರ್, ನೀವು ಕೇಳಿದ್ದಕ್ಕೆ ಉತ್ತರ: ಇಲ್ಲ, ಕೇಳಿರಲಿಲ್ಲ. ನಾಚಿಕೆ ಆಯಿತು.

ಕ್ಯಾಟಲಾಗ್ ಕಾರ್ಡ್ ಸರ್, ಇನ್ನೆರಡು ಅನುಮಾನ. ಹಳಬರ ಬರಹ ಆದರೆ ಪೂರ್ತಿ ಹಾಕಬಹುದಾ? ಕಾಲೇಜಿನ ಲಾಗಿನ್‌ನಲ್ಲಿ ಸಿಗುವ ಇ-ಪುಸ್ತಕ, ಜರ್ನಲ್ಲು ಡೌನ್‌ಲೋಡ್ ಮಾಡಿ ಗ್ರೂಪಿಗೆ ಹಾಕಬಹುದಾ?

ಕ್ಯಾಟಲಾಗ್ ಕಾರ್ಡ್

ಎರಡನೆಯದು ಮೊದಲು. ಹಾಕಬೇಡಿ, ಲಿಂಕ್ ಕೊಡಿ. ಕಾಲೇಜುಗಳಿಗೆ ಇ-ಪುಸ್ತಕ, ಜರ್ನಲ್ಲು ಓದಲು ಕೊಡುವ ಎನ್-ಲಿಸ್ಟ್ ಆಗಲಿ, 2025ರ ಜನವರಿಯಿಂದ ಸರ್ಕಾರಿ ಸಂಸ್ಥೆಗಳಿಗೆ ಶುರುವಾದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಆಗಲಿ, ಅವು ಕರಾರಿನ ಮೇಲೆ ಸಿಗುವಂಥವು. ಲೈಬ್ರರಿ ಅವನ್ನು ಕೊಂಡಿಲ್ಲ, ಬಾಡಿಗೆಗೆ ತಂದಿದೆ ಅಂದುಕೊಳ್ಳಿ. ಕರಾರಿನಲ್ಲಿ ಸಾಮಾನ್ಯವಾಗಿ ಗಂಟುಗಟ್ಟಲೆ ಡೌನ್‌ಲೋಡ್ ಮಾಡಬಾರದು, ಹೊರಗಿನವರಿಗೆ ಕೊಡಬಾರದು ಅಂತ ಇರುತ್ತದೆ. ಯಾರೋ ಒಬ್ಬರು ರಾತ್ರಿಯಿಡೀ ಡೌನ್‌ಲೋಡ್ ಹಾಕಿ ಮಲಗಿದರೆ ಇಡೀ ಕಾಲೇಜಿನ ಪ್ರವೇಶ ನಿಲ್ಲಿಸುತ್ತಾರೆ. ಮರುದಿನ ಬೆಳಿಗ್ಗೆ ಎಲ್ಲರೂ ಬಂದು ಬೈಯುವುದು ಲೈಬ್ರರಿಯನ್‌ಗೆ. ನನ್ನ ಅನುಭವ! ಲಿಂಕ್ ಕೊಟ್ಟರೆ ಮಕ್ಕಳು ತಮ್ಮ ಲಾಗಿನ್‌ನಲ್ಲೇ ಓದುತ್ತಾರೆ. ಹೇಗೂ ಅದರಲ್ಲಿ ಜಾಸ್ತಿ ಇರುವುದು ಇಂಗ್ಲಿಷ್ ಜರ್ನಲ್ಲು, ನಿಮ್ಮ ಪೇಪರಿಗೆ ಬೇಕಾದ ಕನ್ನಡ ವಿಮರ್ಶೆ ಅಲ್ಲಿ ಕಾಯುತ್ತಾ ಕೂತಿಲ್ಲ.

ಹಳಬರ ವಿಷಯ. ಲೇಖಕರು ತೀರಿಕೊಂಡ ವರ್ಷ ಬಿಟ್ಟು ಮುಂದಿನ ಜನವರಿಯಿಂದ 60 ವರ್ಷ ಎಣಿಸಿ. ಬಿ.ಎಂ.ಶ್ರೀ. ತೀರಿಕೊಂಡದ್ದು 1946, ಹಾಗಾಗಿ 2007ರಿಂದ ಮುಕ್ತ. ಬೇಂದ್ರೆಯವರು 1981, ಅಂದರೆ 2041ರ ಕೊನೆ ತನಕ ಕಾಪಿರೈಟ್ ಇದೆ. ಕುವೆಂಪು 1994, ಅದು 2054ರ ಕೊನೆ ತನಕ. ಮೊದಲು 50 ವರ್ಷ ಇತ್ತು. ರವೀಂದ್ರನಾಥ ಟ್ಯಾಗೋರರು 1941ರಲ್ಲಿ ತೀರಿಕೊಂಡವರು. 1991ಕ್ಕೆ ಅವರ ಅವಧಿ ಮುಗಿಯುತ್ತಿತ್ತು, ಹಕ್ಕು ಅವರೇ ಕಟ್ಟಿದ ವಿಶ್ವಭಾರತಿಯ ಹತ್ತಿರ ಇತ್ತು. ಆಗ ಹತ್ತು ವರ್ಷ ಏರಿಸಿದರು. ಒಬ್ಬರಿಗಾಗಿ ಏರಿಸಿದ್ದು ದೇಶದ ಎಲ್ಲರಿಗೂ ಏರಿತು.

ಇಲ್ಲೊಂದು ಗುಂಡಿ ಇದೆ, ಕನ್ನಡ ಮೇಷ್ಟ್ರುಗಳು ಬೀಳುವುದೇ ಅಲ್ಲಿ. ಪಂಪನ ಪದ್ಯ ಯಾರದ್ದೂ ಅಲ್ಲ, ಎಷ್ಟು ಬೇಕಾದರೂ ಹಾಕಿ. ಆದರೆ ಅದರ ಕೆಳಗಿನ ಹೊಸಗನ್ನಡ ಗದ್ಯ, ಟಿಪ್ಪಣಿ, ಮುನ್ನುಡಿ ಇವೆಲ್ಲ ಬರೆದವರದ್ದು. ಹಳಗನ್ನಡ ಅಂತ ಇಡೀ ಸಂಪುಟ ಸ್ಕ್ಯಾನ್ ಮಾಡಿ ಬಿಡಬೇಡಿ.

ಇನ್ನೊಂದು. ನಿಮ್ಮ ಲೈಬ್ರರಿಯನ್‌ಗೆ ಆ ರಬ್ಬರ್ ಬ್ಯಾಂಡಿನ ಪ್ರತಿ ಬಗ್ಗೆ ಹೇಳಿ. ಲಾಭಕ್ಕೆ ನಡೆಯದ ಲೈಬ್ರರಿ ತನ್ನಲ್ಲಿರುವ ಪುಸ್ತಕ ಉಳಿಸಿಕೊಳ್ಳಲು ಡಿಜಿಟಲ್ ಪ್ರತಿ ಇಟ್ಟುಕೊಳ್ಳಬಹುದು. ಪುಸ್ತಕ ದೇಶದಲ್ಲಿ ಎಲ್ಲೂ ಮಾರಾಟಕ್ಕೆ ಸಿಗದಿದ್ದರೆ ಲೈಬ್ರರಿಗಾಗಿ ಮೂರು ಪ್ರತಿ ತನಕ ನಕಲು ಮಾಡಿಸಬಹುದು. ಕಾಯ್ದೆ ಹೇಳುವುದು 'ಸಾರ್ವಜನಿಕ ಲೈಬ್ರರಿ' ಅಂತ. ಕಾಲೇಜಿನದ್ದು ಅದರಲ್ಲಿ ಬರುತ್ತದಾ ಅಂತ ವಾದ ಮಾಡುವವರಿದ್ದಾರೆ, ಲೈಬ್ರರಿಯನ್ ಪ್ರಿನ್ಸಿಪಾಲರ ಹತ್ತಿರ ಲಿಖಿತ ಒಪ್ಪಿಗೆ ತೆಗೆದುಕೊಂಡೇ ಮಾಡಲಿ. ನಿಜವಾಗಿ ಸಿಗುವುದಿಲ್ಲವಾ ಅಂತ ಮೊದಲು ವಿಚಾರಿಸಲಿ. ಐದುನೂರು ಪ್ರತಿಯವರು ಹೇಳಿದ ಹಾಗೆ, ಎರಡನೇ ಪುಟ ತೆಗೆದು ನೋಡಿ.

ಅತಿಥಿ ಮೇಡಂ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ.

ವಿವರಣೆ ಬರೆದುಕೊಟ್ಟೆ. ಒಂದೂವರೆ ಪುಟ, 52(1)(ಐ) ಸಮೇತ. ಪ್ರಿನ್ಸಿಪಾಲರು ಎರಡು ಸಲ ಓದಿ, "ಇದನ್ನ ಯಾರು ಹೇಳಿಕೊಟ್ರು?" ಅಂದರು. ಫೈಲಿಗೆ ಸೇರಿಸಿದರು. ಟೆಲಿಗ್ರಾಂ ಚಾನೆಲ್ಲಿನವರಿಗೆ ತೆಗೆಯಿರಿ ಅಂತ ಬರೆದೆ, ತೆಗೆದಿದ್ದಾರೆ. ಬೇರೆ ಎಲ್ಲೆಲ್ಲಿ ಹೋಗಿದೆಯೋ ದೇವರಿಗೇ ಗೊತ್ತು.

ಆಮೇಲೆ ಎರಡನೇ ಪುಟ ತೆಗೆದೆ. ಅದರಲ್ಲಿದ್ದ ನಂಬರು ಆರು ಅಂಕಿಯದ್ದು, ಹೋಗಲಿಲ್ಲ. ಪ್ರಿನ್ಸಿಪಾಲರ ಹತ್ತಿರ ಈಗಿನ ನಂಬರು ತೆಗೆದುಕೊಂಡು ಫೋನ್ ಮಾಡಿದೆ. ಬೈಸಿಕೊಳ್ಳಲು ತಯಾರಾಗಿಯೇ ಮಾಡಿದೆ. ವಯಸ್ಸಾದವರು, ನಿಧಾನವಾಗಿ ಮಾತಾಡುತ್ತಾರೆ. "ಪಾಠಕ್ಕೆ ಹಾಕಿದ್ದಕ್ಕೆ ನನಗೇನೂ ಬೇಜಾರಿಲ್ಲಮ್ಮಾ. ಆ ಲೇಖನ ಇವತ್ತೂ ಓದಿಸ್ತೀರಲ್ಲ, ಅದೇ ಸಂತೋಷ. ಆದ್ರೆ ಅವನು 150 ರೂಪಾಯಿಗೆ ಮಾರ್ತಾನಂತೆ. ನಾನು 45 ಅಂತ ಬೆಲೆ ಹಾಕೋಕೇ ಅವತ್ತು ಹೆದರಿದ್ದೆ" ಅಂದರು. ಪುಸ್ತಕ ಇದೆಯಾ ಸರ್ ಅಂತ ಕೇಳಿದೆ. ಅಟ್ಟದ ಮೇಲೆ ಒಂದು ಕಟ್ಟು ಇರಬೇಕು, ಮೊಮ್ಮಗನನ್ನು ಹತ್ತಿಸಿ ನೋಡಿಸುತ್ತೇನೆ ಅಂದರು. ಸಂಜೆ ಅವರೇ ಫೋನ್ ಮಾಡಿ 43 ಪ್ರತಿ ಇದೆ ಅಂದರು. ಎಷ್ಟು ಕೊಡಬೇಕು ಅಂದರೆ, "ರಟ್ಟಿನ ಮೇಲೆ ಬರೆದಿದೆಯಲ್ಲ" ಅಂದರು.

ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸಿದರು. ಸ್ಟ್ಯಾಂಡಿಗೆ ಹೋಗಿ ನಾನೂ ಇಬ್ಬರು ಹುಡುಗರೂ ಇಳಿಸಿಕೊಂಡು ಬಂದೆವು. 41 ಪ್ರತಿ ಮಕ್ಕಳು ತೆಗೆದುಕೊಂಡರು, ಎರಡು ಲೈಬ್ರರಿಗೆ. ಲೈಬ್ರರಿಯನ್ ಆಗಲೇ 27ನೇ ಪುಟಕ್ಕೆ ಸೀಲು ಒತ್ತಿದ್ದಾರೆ.

ಒಂದೇ ತೊಂದರೆ. ಅಟ್ಟದಲ್ಲಿದ್ದ ಕಟ್ಟಿಗೆ ಹುಳ ಬಿದ್ದಿದೆ. ಕೆಲವು ಪ್ರತಿಗಳಲ್ಲಿ 31ನೇ ಪುಟದಿಂದ 40ರ ತನಕ ಕಡಲೆಕಾಯಿ ಗಾತ್ರದ ತೂತು, ಸರಿಯಾಗಿ ಎರಡನೇ ಲೇಖನದ ಮಧ್ಯೆ. ಇವತ್ತು ಕ್ಲಾಸಿನಲ್ಲಿ ನೋಡುತ್ತೇನೆ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಫೋನು. ಹುಳ ತಿಂದ ಅಕ್ಷರ ಯಾವುದು ಅಂತ ನನ್ನ ಪಿಡಿಎಫ್ ತೆಗೆದು ನೋಡಿ ಪೆನ್ಸಿಲ್ಲಿನಲ್ಲಿ ತುಂಬಿಸಿಕೊಳ್ಳುತ್ತಿದ್ದಾರೆ. 34ನೇ ಪುಟದಲ್ಲಿ ಮಾತ್ರ ಆಗಲಿಲ್ಲ. ತೂತು ಇರುವ ಜಾಗದಲ್ಲೇ ನನ್ನ ಹೆಬ್ಬೆರಳಿದೆ.